ರೆಫರಲ್, ಪೋರ್ಟಲ್, ಕನ್ಸಲ್ಟೆನ್ಸಿ: ಬೆಂಗಳೂರಲ್ಲಿ ಐಟಿ ಕೆಲಸಕ್ಕೆ ಯಾವ ದಾರಿ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರೆಫರಲ್‌ಗೆ, ಅಂದರೆ ಕಂಪನಿಯ ಒಳಗಿರುವ ಪರಿಚಯದವರೇ ನಮ್ಮ ಹೆಸರು ಕೊಡುವುದಕ್ಕೆ. ಈಗಿನ ಕೆಲಸ ಸಿಕ್ಕಿದ್ದೂ ಅದರಿಂದಲೇ. ಹಾಗಂತ ಉಳಿದದ್ದನ್ನು ಸುಮ್ನೆ ತಳ್ಳಿಹಾಕುತ್ತಿಲ್ಲ. ನೌಕ್ರಿ ಪೋರ್ಟಲ್, ಲಿಂಕ್ಡ್‌ಇನ್, ಕನ್ಸಲ್ಟೆನ್ಸಿ (ಕಂಪನಿಗಳಿಗೆ ಜನ ಹುಡುಕಿಕೊಡುವ ಏಜೆನ್ಸಿ), ಶನಿವಾರದ ವಾಕ್‌ಇನ್ (ನೇರ ಹೋಗಿ ಕೊಡುವ ಇಂಟರ್‌ವ್ಯೂ) ಎಲ್ಲವನ್ನೂ ನೋಡಿ ಬಂದಿದ್ದೇನೆ. ನಾನು ಸಾಫ್ಟ್‌ವೇರ್ ಟೆಸ್ಟಿಂಗ್‌ನವನು. ಸೆಲೆನಿಯಂ ಟೂಲ್, ಜಾವಾ ಭಾಷೆ, ಸ್ವಲ್ಪ ಎಪಿಐ ಟೆಸ್ಟಿಂಗ್ ಗೊತ್ತು. ಮನೆ ವಿಜಯನಗರದಲ್ಲಿ, ತಲೆ ಮೇಲೆ ಎಜುಕೇಶನ್ ಲೋನ್. ಡೆವಲಪರ್‌ಗಳಿಗೆ, ಫ್ರೆಶರ್‌ಗಳಿಗೆ ಲೆಕ್ಕ ಬೇರೆ ಇರಬಹುದು.

ವಾಕ್‌ಇನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2023ರ ಅಕ್ಟೋಬರ್‌ನಿಂದ ನೇರಳೆ ಮೆಟ್ರೋ ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ನೇರ ಹೋಗುತ್ತದೆ, ಅದೊಂದೇ ಸಮಾಧಾನ. ಫೈಲ್ ಹಿಡಿದು ಕ್ಯೂ ನಿಲ್ಲುವ ತಾಳ್ಮೆ ನನಗಿಲ್ಲ.

ನೌಕ್ರಿ 1997ರಿಂದ ಇದೆ. ನನಗೆ ಬಂದ ಕರೆಗಳಲ್ಲಿ ಜಾಸ್ತಿ ಪಾಲು ಅಲ್ಲಿಂದಲೇ ಬಂದವು. ಅಲ್ಲಿ ನಾವು ಕೆಲಸ ಹುಡುಕುವುದಕ್ಕಿಂತ ರಿಕ್ರೂಟರ್‌ಗಳು ನಮ್ಮನ್ನು ಹುಡುಕುವುದೇ ಹೆಚ್ಚು. ಅವರು ಸ್ಕಿಲ್ ಹೆಸರು ಟೈಪ್ ಮಾಡುತ್ತಾರೆ. ಎಷ್ಟು ವರ್ಷದ ಅನುಭವ, ಯಾವ ಊರು, ನೋಟಿಸ್ ಪೀರಿಯಡ್ (ರಾಜೀನಾಮೆ ಕೊಟ್ಟ ಮೇಲೂ ದುಡಿಯಬೇಕಾದ ದಿನಗಳು) ಎಷ್ಟು ಅಂತ ಸೋಸುತ್ತಾರೆ. ಹಾಗಾಗಿ ಪ್ರೊಫೈಲ್‌ನ ಹೆಡ್‌ಲೈನ್‌ನಲ್ಲಿ ‘ಶ್ರದ್ಧೆಯಿಂದ ದುಡಿಯುವ ಉತ್ಸಾಹಿ’ ಅಂತ ಬರೆದರೆ ಯಾರಿಗೂ ಸಿಗುವುದಿಲ್ಲ. ‘ಸೆಲೆನಿಯಂ, ಜಾವಾ, ಟೆಸ್ಟ್‌ಎನ್‌ಜಿ’ ಅಂತ ಬರೆದರೆ ಸಿಗುತ್ತೀರಿ. ಬೆಳಿಗ್ಗೆ ಪ್ರೊಫೈಲ್‌ನಲ್ಲಿ ಒಂದು ಸಣ್ಣ ಬದಲಾವಣೆ ಮಾಡಿ ಸೇವ್ ಮಾಡುವುದು ಎಷ್ಟೋ ಜನ ಪಾಲಿಸುವ ವ್ರತ. ನಾನೂ ಮಾಡುತ್ತಿದ್ದೆ, ಅವತ್ತು ಫೋನು ಸ್ವಲ್ಪ ಜಾಸ್ತಿಯೇ ಬಡಿದುಕೊಳ್ಳುತ್ತಿತ್ತು.

ತೊಡಕು ನೋಟಿಸ್ ಪೀರಿಯಡ್‌ನದು, ಅದು ಪೋರ್ಟಲ್‌ನ ತಪ್ಪಲ್ಲ. ದೊಡ್ಡ ಸರ್ವಿಸ್ ಕಂಪನಿಗಳಲ್ಲಿ 90 ದಿನ ಸಾಮಾನ್ಯ. ಕರೆ ಮಾಡುವವರಿಗೆಲ್ಲ ‘ಇಮ್ಮೀಡಿಯೆಟ್ ಜಾಯ್ನರ್’ ಬೇಕು. 90 ಅಂದ ಕೂಡಲೇ “ಓಕೆ, ಹೇಳ್ತೀವಿ” ಅಂತ ಇಟ್ಟುಬಿಡುತ್ತಾರೆ. ಮೊದಲು ಪೇಪರ್ ಹಾಕು (ರಾಜೀನಾಮೆ ಕೊಡು), ಆಮೇಲೆ ಆಫರ್ ತಾನಾಗಿ ಬರುತ್ತೆ ಅಂತ ಆಫೀಸಿನಲ್ಲಿ ಹೇಳಿದವರಿದ್ದರು. ತಿಂಗಳ ಮೊದಲ ವಾರ ಲೋನಿನ ಕಂತು ಕಟ್ ಆಗುವವನಿಗೆ ಆ ಧೈರ್ಯ ಎಲ್ಲಿಂದ ಬರಬೇಕು?

ಲಿಂಕ್ಡ್‌ಇನ್ ನನಗೆ ಅರ್ಜಿ ಹಾಕುವ ಜಾಗ ಅಲ್ಲ. ಒಂದು ಬಟನ್ ಒತ್ತಿದರೆ ಅರ್ಜಿ ಹೋಗುತ್ತದೆ ಅಂದರೆ ಎಲ್ಲರದ್ದೂ ಹೋಗುತ್ತದೆ, ಅಲ್ವಾ? ಆದರೆ ಯಾವ ಕಂಪನಿಯಲ್ಲಿ ನಮ್ಮ ಕಾಲೇಜಿನ ಸೀನಿಯರ್ ಇದ್ದಾರೆ ಅಂತ ನೋಡುವುದಕ್ಕೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಪ್ರೀಮಿಯಂಗೆ ದುಡ್ಡು ಕೊಟ್ಟಿಲ್ಲ, ಬೇಕು ಅನಿಸಲೂ ಇಲ್ಲ.

ಈಗ ಕನ್ಸಲ್ಟೆನ್ಸಿ. ನನಗೆ ಹೊಟ್ಟೆ ಉರಿಸಿದ್ದು ಇದು.

ಒಂದು ಮಧ್ಯಾಹ್ನ ಕರೆ ಬಂತು. ಔಟರ್ ರಿಂಗ್ ರೋಡಿನಲ್ಲಿ ಒಳ್ಳೆಯ ಪ್ರಾಡಕ್ಟ್ ಕಂಪನಿ, ಆಟೊಮೇಶನ್ ಕೆಲಸ. ಕ್ಲೈಂಟ್, ಅಂದರೆ ಆ ಕಂಪನಿಯ ಹೆಸರೇನು ಅಂತ ಕೇಳಿದೆ. “ಅದು ಆಮೇಲೆ ಹೇಳ್ತೀವಿ ಸರ್, ಮೊದಲು ಡೀಟೇಲ್ಸ್ ಕಳಿಸಿ.” ಎಲ್ಲರಿಗೂ ಗೊತ್ತಿರುವ ಅದೇ ಪಟ್ಟಿ: ಒಟ್ಟು ಅನುಭವ, ರೆಲೆವೆಂಟ್ ಅನುಭವ, ಈಗಿನ ಸಿಟಿಸಿ (ವರ್ಷದ ಒಟ್ಟು ಸಂಬಳದ ಲೆಕ್ಕ), ನಿರೀಕ್ಷೆಯ ಸಿಟಿಸಿ, ನೋಟಿಸ್, ಪ್ಯಾನ್ ನಂಬರ್. ಕಳಿಸಿದೆ. ಆಮೇಲೆ ಆ ಕಡೆಯಿಂದ ಸದ್ದಿಲ್ಲ.

ಕೆಲವು ವಾರ ಕಳೆದ ಮೇಲೆ ನನ್ನ ಹಾಸನದ ಕ್ಲಾಸ್‌ಮೇಟ್ ತನ್ನ ಕಂಪನಿಯಲ್ಲಿ ಒಂದು ಓಪನಿಂಗ್ ಇದೆ ಅಂದ. ಅವನದೇ ಪಕ್ಕದ ಟೀಮು. ಮ್ಯಾನೇಜರ್ ಹತ್ತಿರ ಮಾತೂ ಆಡಿದ್ದ. ರೆಸ್ಯೂಮ್ ಅಪ್‌ಲೋಡ್ ಮಾಡಲು ಹೋದವನು ಫೋನ್ ಮಾಡಿದ. “ಮಗಾ, ನಿನ್ನ ಹೆಸರು ಸಿಸ್ಟಮ್‌ನಲ್ಲಿ ಆಗಲೇ ಇದೆ ಕಣೋ. ಯಾರೋ ಏಜೆನ್ಸಿಯವರು ಹಾಕಿದ್ದಾರೆ, ನನಗೆ ರೆಫರ್ ಮಾಡೋಕೆ ಬಿಡ್ತಿಲ್ಲ.”

ಅದೇ ಕಂಪನಿ! ಹೆಸರೂ ಹೇಳದೆ, ಒಪ್ಪಿಗೆಯೂ ಕೇಳದೆ ಕಳಿಸಿಬಿಟ್ಟಿದ್ದರು.

ಇದು ಯಾಕೆ ಹೀಗೆ ಅಂತ ಆಮೇಲೆ ಕೇಳಿ ತಿಳಿದುಕೊಂಡೆ. ಕೆಲಸಕ್ಕೆ ಜನ ಕೊಟ್ಟ ಏಜೆನ್ಸಿಗೆ ಕಂಪನಿ ಫೀಸು ಕೊಡುತ್ತದೆ, ಸಾಮಾನ್ಯವಾಗಿ ವರ್ಷದ ಸಂಬಳದಲ್ಲಿ ಇಷ್ಟು ಪರ್ಸೆಂಟ್ ಅಂತ. ಇಬ್ಬರು ಒಬ್ಬನನ್ನೇ ಕಳಿಸಿದರೆ ಜಗಳ. ಅದಕ್ಕೇ ಮೊದಲು ಕಳಿಸಿದವರ ಲೆಕ್ಕಕ್ಕೆ ಕ್ಯಾಂಡಿಡೇಟ್ ಹೋಗುತ್ತಾನೆ. ಇಮೇಲ್, ಫೋನ್ ನಂಬರ್ ಅಥವಾ ಪ್ಯಾನ್ ನೋಡಿ ಸಿಸ್ಟಮ್ ಗುರುತು ಹಿಡಿಯುತ್ತದೆ. ಅನೇಕ ಕಡೆ ಈ ಹಕ್ಕು ತಿಂಗಳುಗಟ್ಟಲೆ ಇರುತ್ತದೆ. ಸೈಟಿಗೆ ಬೇರೆಯವರು ಬೇಲಿ ಹಾಕಿಕೊಂಡು ಹೋದ ಹಾಗೆ. ಅವರು ಕಟ್ಟುವುದೂ ಇಲ್ಲ, ನಮಗೆ ಕಟ್ಟಲು ಬಿಡುವುದೂ ಇಲ್ಲ.

ಏಜೆನ್ಸಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ನನ್ನ ಪ್ರೊಫೈಲ್ ವಾಪಸ್ ತೆಗೆಯಿರಿ ಅಂತ ಮೇಲ್ ಹಾಕಿದೆ, ಉತ್ತರವಿಲ್ಲ. ಗೆಳೆಯ ಎಚ್‌ಆರ್ ಹತ್ತಿರ ಕೇಳಿದ. ಏಜೆನ್ಸಿ ಬರೆದುಕೊಟ್ಟರೆ ಮಾತ್ರ ಬಿಡಬಹುದು ಅಂದರು. ಅಷ್ಟರಲ್ಲಿ ಆ ಓಪನಿಂಗ್ ಮುಚ್ಚಿತು. ನನಗೆ ಇಂಟರ್‌ವ್ಯೂ ಹೋಯಿತು, ರೆಫರ್ ಮಾಡಿದ್ದಕ್ಕೆ ಕಂಪನಿ ಕೊಡುವ ಬೋನಸ್ ಅವನಿಗೆ ಹೋಯಿತು. ಅವನು ಅದನ್ನು ಇವತ್ತಿಗೂ ಆಡಿಕೊಳ್ಳುತ್ತಾನೆ.

ಈಗ ಯಾರು ಕರೆ ಮಾಡಿದರೂ ನನ್ನ ಉತ್ತರ ಒಂದೇ. ಮೊದಲು ಕ್ಲೈಂಟ್ ಹೆಸರು ಮೇಲ್‌ನಲ್ಲಿ ಹಾಕಿ, ನಾನು ಒಪ್ಪಿಗೆ ಅಂತ ಬರೆದ ಮೇಲೆ ಕಳಿಸಿ. ಪ್ಯಾನ್ ನಂಬರ್ ಆಫರ್ ಹಂತದವರೆಗೆ ಕೊಡುವುದಿಲ್ಲ. ಅರ್ಧ ಜನ ಅಲ್ಲಿಗೇ ಫೋನ್ ಇಡುತ್ತಾರೆ. ಇಡಲಿ ಬಿಡಿ. ರಿಜಿಸ್ಟ್ರೇಶನ್ ಫೀ, ಲ್ಯಾಪ್‌ಟಾಪ್ ಡಿಪಾಸಿಟ್ ಅಂದವರ ಫೋನನ್ನು ನಾವೇ ಇಡಬೇಕು. ‘ಎಕ್ಸ್‌ಪೀರಿಯನ್ಸ್ ಹಾಕಿಸಿ ಕೊಡ್ತೀವಿ’ ಅಂತ ಸುಳ್ಳು ಅನುಭವ ಮಾರುವವರ ಹತ್ತಿರವಂತೂ ಹೋಗಲೇಬೇಡಿ. 2014ರಿಂದ ಪಿಎಫ್‌ಗೆ ಯುಎಎನ್ ಅನ್ನುವ ಖಾಯಂ ನಂಬರ್ ಇದೆ. ಒಂದೇ ನಂಬರಿನಡಿ ಯಾವ ಕಂಪನಿಯಲ್ಲಿ ಯಾವಾಗಿನಿಂದ ಯಾವಾಗಿನವರೆಗೆ ಪಿಎಫ್ ಇತ್ತು ಅಂತ ಬರುತ್ತದೆ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್‌ನವರು ನೋಡುವುದೇ ಅದನ್ನು.

ಕನ್ಸಲ್ಟೆನ್ಸಿ ಎಲ್ಲರಿಗೂ ಕೆಟ್ಟದ್ದಲ್ಲ ಅನ್ನಿ. ಕಾಂಟ್ರಾಕ್ಟ್ ಕೆಲಸ ಬೇಕಿದ್ದರೆ ಅದೇ ಹತ್ತಿರದ ದಾರಿ. ನನ್ನ ರೂಮ್‌ಮೇಟ್ ಥರ್ಡ್ ಪಾರ್ಟಿ ಪೇರೋಲ್‌ನಲ್ಲಿ (ಕೆಲಸ ಕಂಪನಿಯದು, ಸಂಬಳ ಏಜೆನ್ಸಿಯದು) ಸೇರಿ ಆಮೇಲೆ ಪರ್ಮನೆಂಟ್ ಆದ. ಯಾವಾಗ ಪರ್ಮನೆಂಟ್ ಅಂತ ಲೆಟರ್‌ನಲ್ಲಿ ಇರಲಿಲ್ಲ. ಅಷ್ಟು ದಿನ ಅವನ ನಿದ್ದೆ ಹೇಗಿತ್ತು ಅಂತ ಪಕ್ಕದ ಮಂಚದ ನನಗೆ ಗೊತ್ತು.

ರೆಫರಲ್‌ನಲ್ಲಿ ನನಗೆ ಇಷ್ಟವಾದದ್ದು ಒಳಗಿನ ಸುದ್ದಿ. ಮ್ಯಾನೇಜರ್ ಹೇಗೆ, ಅಮೆರಿಕದ ಟೈಮಿಗೆ ರಾತ್ರಿ ಕಾಲ್ ಇದೆಯಾ, ವಾರಕ್ಕೆ ಎಷ್ಟು ದಿನ ಆಫೀಸಿಗೆ ಬರಬೇಕು, ಆ ಜಾಗ ಖಾಲಿ ಆಗಿದ್ದು ಯಾಕೆ. ಜಾಹೀರಾತಿನಲ್ಲಿ ಇದ್ಯಾವುದೂ ಇರಲ್ಲ. 90 ದಿನದ ವಿಷಯವನ್ನೂ ಒಳಗಿರುವವನು ಮೊದಲೇ ಮ್ಯಾನೇಜರ್ ಕಿವಿಗೆ ಹಾಕಿರುತ್ತಾನೆ, ಫಿಲ್ಟರ್‌ನಲ್ಲಿ ಬಿದ್ದುಹೋಗುವ ಭಯ ಇಲ್ಲ. ಇಂಟರ್‌ವ್ಯೂ ಮಾತ್ರ ಸುಲಭ ಆಗುವುದಿಲ್ಲ. ಕೋಡ್ ಬರೆಯಲು ಹೇಳಿದಾಗ ಗೆಳೆಯ ಪಕ್ಕದಲ್ಲಿ ಇರುವುದಿಲ್ಲವಲ್ಲ.

ಕೇಳುವುದಕ್ಕೆ ಮುಜುಗರ, ನಿಜ. ನಮ್ಮ ಕಡೆಯವರಿಗೆ ಅದು ಸ್ವಲ್ಪ ಜಾಸ್ತಿಯೇ. ಆದರೆ ಬೋನಸ್ ಇರುವ ಕಡೆ ಅವರಿಗೂ ಲಾಭ ಇದೆ. ‘ಅಣ್ಣಾ, ಕೆಲಸ ಇದ್ರೆ ಹೇಳಿ’ ಅಂತ ಮೆಸೇಜ್ ಹಾಕಬೇಡಿ. ಕಂಪನಿಯ ಸೈಟ್‌ನಲ್ಲಿ ಜಾಬ್ ಐಡಿ ಹುಡುಕಿ, ರೆಸ್ಯೂಮ್ ಪಿಡಿಎಫ್ ಜೊತೆ ಕಳಿಸಿ. ಅವರಿಗೆ ಐದು ನಿಮಿಷದ ಕೆಲಸ ಆದರೆ ಮಾಡಿಯೇ ಮಾಡುತ್ತಾರೆ.

ಪರಿಚಯದವರೇ ಇಲ್ಲದಿದ್ದರೆ ನೌಕ್ರಿಯೇ ಗತಿ, ಅದರಲ್ಲಿ ತಪ್ಪೇನೂ ಇಲ್ಲ. ಇದ್ದರೆ ಮಾತ್ರ ಕ್ರಮ ನೋಡಿಕೊಳ್ಳಿ. ನಿಮಗೆ ಬೇಕಾದ ಕಂಪನಿಗಳನ್ನು ಬರೆದಿಟ್ಟುಕೊಂಡು, ಅವುಗಳಿಗೆ ಮೊದಲು ರೆಫರಲ್ ಮಾಡಿಸಿ. ಎಷ್ಟೋ ಕಡೆ ನಾವೇ ನೇರವಾಗಿ ಅರ್ಜಿ ಹಾಕಿದ್ದರೂ ಆಮೇಲೆ ರೆಫರಲ್ ಹಿಡಿಯುವುದಿಲ್ಲ. ಉಳಿದ ಕಂಪನಿಗಳಿಗೆ ಪೋರ್ಟಲ್ ಸಾಕು. ನಾನು ಕೆಲಸ ಸಿಕ್ಕ ಮೇಲೂ ನೌಕ್ರಿ ಪ್ರೊಫೈಲ್ ತೆಗೆದಿಲ್ಲ. ಬರುವ ಕರೆಗಳಿಗೆ ಬಜೆಟ್ ಎಷ್ಟು ಅಂತ ಕೇಳುತ್ತೇನೆ. ಅಪ್ರೈಸಲ್‌ನಲ್ಲಿ ಸಂಬಳದ ಮಾತು ಬಂದಾಗ ಆ ಲೆಕ್ಕ ಬೇಕಾಗುತ್ತದೆ.