ಮನೆಯಲ್ಲೇ ರೆಕಾರ್ಡಿಂಗ್: ಮ್ಯಾಕ್ ಮಿನಿನಾ, ವಿಂಡೋಸ್ ಲ್ಯಾಪ್‌ಟಾಪಾ?

ಕುವೆಂಪುನಗರದ ಮನೆಯ ಚಿಕ್ಕ ರೂಮಿನಲ್ಲಿ ವೀಣೆ ರೆಕಾರ್ಡ್ ಮಾಡೋರು ಮೊದಲು ಫ್ಯಾನ್ ಸದ್ದು ನೋಡಿ. ಗೇಮಿಂಗ್ ಲ್ಯಾಪ್‌ಟಾಪ್ ಬಿಸಿಯಾದರೆ ಗುಯ್ ಅನ್ನುತ್ತದೆ. ಮೀಟಿದ ಮೇಲೆ ಉಳಿಯುವ ನಾದದಲ್ಲಿ ಅದು ಎದ್ದು ಕೇಳುತ್ತದೆ. ಆಪಲ್‌ನ ಪುಟ್ಟ ಡೆಸ್ಕ್‌ಟಾಪ್ ಕಂಪ್ಯೂಟರ್ ಮ್ಯಾಕ್ ಮಿನಿಯಲ್ಲೂ (ಪರದೆ, ಬ್ಯಾಟರಿ ಇರಲ್ಲ) ಫ್ಯಾನ್ ಇದೆ, ಆದರೆ ಇಷ್ಟು ಕೆಲಸಕ್ಕೆ ಅದರ ಸದ್ದೇ ಬರಲ್ಲ.

ಇನ್ನು ಹೆಡ್‌ಫೋನ್‌ನಲ್ಲಿ ದನಿ ತಡವಾಗಿ ಬಂದರೆ ತಾಳ ತಪ್ಪುತ್ತದೆ, ಅಲ್ವಾ? 48 ಕಿಲೋಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್ ತಗೊಳ್ಳುವಾಗ, ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಸಂಸ್ಕರಿಸುವ ದನಿಯ ತುಣುಕು) 128 ಸ್ಯಾಂಪಲ್ ಇಟ್ಟರೆ ಒಂದು ಬಫರ್‌ಗೆ ಸುಮಾರು 2.7 ಮಿಲಿಸೆಕೆಂಡ್, 1024 ಇಟ್ಟರೆ 21 ದಾಟುತ್ತದೆ. ಹಾಡುವಾಗ ಕಡಿಮೆ ಇಡಿ, ಆಮೇಲೆ ದನಿಗಳನ್ನು ಬೆರೆಸಿ ಹದ ಮಾಡುವ ಮಿಕ್ಸಿಂಗ್‌ಗೆ ಏರಿಸಿ. ತಡ ಕಡಿಮೆ ಇಡೋಕೆ ಮ್ಯಾಕ್‌ನಲ್ಲಿ ಕೋರ್ ಆಡಿಯೋ ಅನ್ನೋ ದನಿ ವ್ಯವಸ್ಥೆ ಒಳಗೇ ಇದೆ. ವಿಂಡೋಸ್‌ನಲ್ಲಿ ಅದಕ್ಕೆ ಆಡಿಯೋ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) ಕಂಪನಿಯ ಎಎಸ್‌ಐಒ ಡ್ರೈವರ್ ಹಾಕಿಕೊಳ್ಳಬೇಕು.

ರೆಕಾರ್ಡಿಂಗ್ ಸಾಫ್ಟ್‌ವೇರ್‌ಗಳಲ್ಲಿ ಗ್ಯಾರೇಜ್‌ಬ್ಯಾಂಡ್ ಆಪಲ್ ಸಾಧನಗಳಿಗೆ ಮಾತ್ರ, ವಿಂಡೋಸ್‌ಗೆ ಇಲ್ಲ; ಪುಕ್ಕಟೆ. ರೀಪರ್ ಎರಡರಲ್ಲೂ ನಡೆಯುತ್ತದೆ.

ಮಿನಿಯ ರ‍್ಯಾಮ್ ಆಮೇಲೆ ಹೆಚ್ಚಿಸೋಕೆ ಆಗಲ್ಲ, 16 ಜಿಬಿ ಇರೋದನ್ನೇ ತಗೊಳ್ಳಿ. ಮಾನಿಟರ್, ಯುಪಿಎಸ್ ಖರ್ಚೂ ಸೇರಿಸಿ; ಟೇಕ್ ಮಧ್ಯೆ ಕರೆಂಟ್ ಹೋದರೆ ಕಥೆ ಮುಗೀತು. ಲ್ಯಾಪ್‌ಟಾಪ್‌ಗೆ ಆ ತಲೆನೋವಿಲ್ಲ. ಮಂಡ್ಯದ ಹಳ್ಳಿಗೆ ಹೋಗಿ ಸೋಬಾನೆ ಪದ ರೆಕಾರ್ಡ್ ಮಾಡೋರಿಗೆ ಅದೇ ಸರಿ. ಮನೆ ಬಿಟ್ಟು ಕದಲದವರಿಗೆ ನನ್ನ ಓಟು ಮಿನಿಗೆ.