ಬಾರ್ಸಿಲೋನಾ ಸ್ಟಡಿ ಟೂರ್ ಪ್ಯಾಕೇಜ್: ಸೋಮವಾರ ಮ್ಯೂಸಿಯಂ ಬಾಗಿಲು ಹಾಕಿರುತ್ತೆ ಸ್ವಾಮಿ

ಬೆಂಗಳೂರಿನ ಒಂದು ಟ್ರಾವೆಲ್ಸ್‌ನವರು ತುಮಕೂರಿನ ಆರ್ಕಿಟೆಕ್ಚರ್ ಮತ್ತು ಚಿತ್ರಕಲೆ ವಿದ್ಯಾರ್ಥಿಗಳಿಗೆಂದು ಮಾರುತ್ತಿರುವ ಪ್ಯಾಕೇಜು ಇದು. 30 ವಿದ್ಯಾರ್ಥಿಗಳು, ಇಬ್ಬರು ಮೇಷ್ಟ್ರು, ಸ್ಪೇನಿನ ಬಾರ್ಸಿಲೋನಾದಲ್ಲಿ ಆರು ರಾತ್ರಿ. ವಿಮಾನ, ವೀಸಾ ಫೈಲು, ಹೋಟೆಲ್ಲು, ಈ ಮೂರರಲ್ಲಿ ಎತ್ತಿ ಆಡುವಂಥ ತಪ್ಪೇನಿಲ್ಲ. ದಿನಚರಿ ಮಾತ್ರ ಧರ್ಮಸ್ಥಳ–ಸುಬ್ರಹ್ಮಣ್ಯಕ್ಕೆ ಬಸ್ಸು ಬಿಟ್ಟು ಅಭ್ಯಾಸವಾದವರು ಬರೆದಂತಿದೆ. ಯಾವ ಜಾಗಕ್ಕೆ ಯಾವುದು ಹತ್ತಿರ ಅಂತ ನೋಡಿದ್ದಾರೆ. ಯಾವುದಕ್ಕೆ ಯಾವತ್ತು ರಜೆ, ಯಾವ ಹೊತ್ತಿಗೆ ಬೆಳಕು ಯಾವ ಕಡೆಯಿಂದ ಬೀಳುತ್ತದೆ ಅಂತ ನೋಡಿಲ್ಲ. ಕಟ್ಟಡ ನೋಡಲೆಂದೇ ಹೋಗುವವರಿಗೆ ಮುಖ್ಯವಾದದ್ದು ಇವೆರಡೇ. ಹಾಗಾಗಿ ಅಡ್ವಾನ್ಸ್ ಕಟ್ಟುವ ಮುಂಚೆಯೇ ದಿನಚರಿ ತಿದ್ದಿಸಿಕೊಳ್ಳಿ.

ಮೊದಲ ಎಡವಟ್ಟು ಸೋಮವಾರದ್ದು. ಭಾನುವಾರ ಇಳಿಸಿ, ಸೋಮವಾರ ಮೊಂಜುಯಿಕ್ ಗುಡ್ಡದ ರಾಷ್ಟ್ರೀಯ ಕಲಾ ಮ್ಯೂಸಿಯಂ, ಮಿರೋ ಫೌಂಡೇಶನ್, ಸಂಜೆಗೆ ಪಿಕಾಸೊ ಮ್ಯೂಸಿಯಂ ಎಂದು ಬರೆದಿದ್ದಾರೆ. ಮೂರಕ್ಕೂ ಸೋಮವಾರವೇ ರಜೆ. ರಿಚರ್ಡ್ ಮೈಯರ್ ಕಟ್ಟಿದ ಸಮಕಾಲೀನ ಕಲೆಯ ಮ್ಯೂಸಿಯಂಗೆ ಮಂಗಳವಾರ ರಜೆ, ಅದನ್ನು ಮಂಗಳವಾರಕ್ಕೇ ಹಾಕಿದ್ದಾರೆ. ಬೇಕೆಂದು ಮಾಡಿದರೂ ಇಷ್ಟು ಚೆನ್ನಾಗಿ ತಪ್ಪುವುದು ಕಷ್ಟ. ಸೋಮವಾರವನ್ನು ಬಾರ್ಸಿಲೋನಾದ ಹೆಸರಾಂತ ಆರ್ಕಿಟೆಕ್ಟ್ ಆಂಟೋನಿ ಗೌಡಿ ಕಟ್ಟಿದ ಮನೆಗಳಿಗೆ ಬಿಡಿ, ಮ್ಯೂಸಿಯಂಗಳನ್ನು ಬುಧವಾರದಿಂದ ಮುಂದಕ್ಕೆ ತಳ್ಳಿ.

ಎರಡನೆಯದು ‘ಪನೋರಮಿಕ್ ವಿಸಿಟ್’ ಎಂಬ ಪದ. ಟೂರಿನವರ ಭಾಷೆಯಲ್ಲಿ ಇದಕ್ಕೆ ಬಸ್ಸಿನ ಕಿಟಕಿಯಿಂದ ನೋಡುವುದು ಅಂತ ಅರ್ಥ. ಗೌಡಿಯ ಮನೆಗಳಾದ ಕಾಸಾ ಮಿಲಾ, ಕಾಸಾ ಬಾಟ್ಲ್ಯೋ ಎರಡರ ಮುಂದೆಯೂ ಈ ಪದವೇ ಇದೆ, ಅಂದರೆ ಒಳಗಿನ ಟಿಕೆಟ್ ಪ್ಯಾಕೇಜಿನಲ್ಲಿಲ್ಲ. ಇಡೀ ಪ್ರವಾಸದಲ್ಲಿ ಹೆಚ್ಚು ಕಳೆದುಕೊಳ್ಳುವುದು ಇಲ್ಲೇ. 1906ರಿಂದ 1912ರವರೆಗೆ ಕಟ್ಟಿದ ಕಾಸಾ ಮಿಲಾದ ಅಲೆಅಲೆಯಾದ ಮುಂಭಾಗ ಯಾವ ಫೋಟೊದಲ್ಲಾದರೂ ಸಿಗುತ್ತದೆ. ಕಲಿಯುವುದು ಅಟ್ಟದಲ್ಲಿದೆ: ಸುಮಾರು 270 ಇಟ್ಟಿಗೆ ಕಮಾನುಗಳು, ಒಂದೊಂದರ ಎತ್ತರ ಒಂದೊಂದು. ಬಾಗಿಲಿಗೆ ಕಟ್ಟಿದ ಮಾವಿನ ತೋರಣ ಜೋತುಬಿದ್ದಾಗ ಆಗುವ ಗೆರೆಯನ್ನು ತಲೆಕೆಳಗು ಮಾಡಿದರೆ ಈ ಕಮಾನು. ಜೋತುಬಿದ್ದ ದಾರದಲ್ಲಿ ಬರೀ ಎಳೆತ ಇರುತ್ತದೆ, ಅದನ್ನೇ ತಿರುವಿ ಇಟ್ಟಿಗೆಯಲ್ಲಿ ಕಟ್ಟಿದರೆ ಬರೀ ಒತ್ತಡ. ಒತ್ತಡ ತಡೆಯುವುದರಲ್ಲಿ ಇಟ್ಟಿಗೆ ಗಟ್ಟಿ, ಆದ್ದರಿಂದ ಗೋಡೆ ತೆಳ್ಳಗಿದ್ದರೂ ನಡೆಯುತ್ತದೆ. ಕಮಾನುಗಳ ಎತ್ತರ ಬೇರೆಬೇರೆ ಇರುವುದರಿಂದಲೇ ಮೇಲಿನ ತಾರಸಿ ಮೆಟ್ಟಿಲುಮೆಟ್ಟಿಲಾಗಿ ಏರಿಳಿಯುತ್ತದೆ. ಮಳೆ ಬಂದರೆ ತಾರಸಿ ಮುಚ್ಚುತ್ತಾರೆ, ಅದಕ್ಕೆ ಕೊನೆಯ ದಿನಕ್ಕೆ ಇದನ್ನು ಉಳಿಸಿಕೊಳ್ಳಬೇಡಿ.

ಕಾಸಾ ಬಾಟ್ಲ್ಯೋದಲ್ಲಿ ನೋಡಬೇಕಾದ್ದು ಮಧ್ಯದ ಗಾಳಿಬೆಳಕಿನ ಬಾವಿ. ಮೇಲೆ ಕಡು ನೀಲಿ ಟೈಲ್ಸು, ಕೆಳಗಿಳಿದಂತೆ ತಿಳಿ. ಮೇಲಿನ ಕಿಟಕಿ ಚಿಕ್ಕವು, ಕೆಳಗಿನವು ದೊಡ್ಡವು. ಮೇಲೆ ಬಿಸಿಲು ಹೆಚ್ಚು, ಕೆಳಗೆ ಕಡಿಮೆ, ಹೀಗೆ ಮಾಡಿದ್ದರಿಂದ ಎಲ್ಲ ಮಹಡಿಗೂ ಹೆಚ್ಚುಕಡಿಮೆ ಒಂದೇ ಸಮ ಬೆಳಕು. ಎರಡಕ್ಕೂ ದುಡ್ಡು ಸಾಲದಿದ್ದರೆ ಆರ್ಕಿಟೆಕ್ಚರ್‌ನವರು ಮಿಲಾ, ಇಂಟೀರಿಯರ್‌ನವರು ಬಾಟ್ಲ್ಯೋ ಆರಿಸಿಕೊಳ್ಳಲಿ.

ಗೌಡಿಯ ಚರ್ಚು ಸಗ್ರಾದಾ ಫಮೀಲಿಯಾಕ್ಕೆ ಪ್ಯಾಕೇಜು ಕೊಟ್ಟಿರುವುದು ನಡುಮಧ್ಯಾಹ್ನದ ಒಂದು ಗಂಟೆ. ಒಳಗಿನ ಬಣ್ಣದ ಗಾಜು ಬದುಕುವುದು ಸೂರ್ಯ ವಾಲಿದಾಗ. ಪೂರ್ವಕ್ಕಿರುವ ಜನನದ ಮುಂಭಾಗದ ಕಡೆ ನೀಲಿ–ಹಸಿರು, ಪಶ್ಚಿಮದ ಯಾತನೆಯ ಮುಂಭಾಗದ ಕಡೆ ಕೆಂಪು–ಕಿತ್ತಳೆ. ಬೆಳಿಗ್ಗೆ ಮೊದಲ ಸ್ಲಾಟ್, ಇಲ್ಲವೇ ಇಳಿಹೊತ್ತಿನ ಸ್ಲಾಟ್ ಕೇಳಿ. ಟಿಕೆಟ್ ಆನ್‌ಲೈನ್‌ನಲ್ಲಿ ಮಾತ್ರ, ಅದೂ ಹೊತ್ತು ನಿಗದಿಯಾಗಿ. 30 ಜನಕ್ಕೆ ಒಟ್ಟಿಗೆ ಒಳ್ಳೆಯ ಸ್ಲಾಟ್ ಕೊನೆಯ ವಾರದಲ್ಲಿ ಸಿಗುವುದಿಲ್ಲ. ಭಾನುವಾರ ಬಾಗಿಲು ತೆಗೆಯುವುದೇ ತಡ, ಬೆಳಗಿನ ಬೆಳಕು ಬೇಕಾದವರು ಆ ದಿನ ಬಿಡಿ.

ಒಳಗೆ ಹೋದಮೇಲೆ ಎಲ್ಲರೂ ತಲೆ ಎತ್ತುತ್ತಾರೆ. ಮೊದಲು ಕಂಬದ ಬುಡ ನೋಡಿ. ಹೊರುವ ಭಾರಕ್ಕೆ ತಕ್ಕಂತೆ ಮರಳುಗಲ್ಲು, ಗ್ರಾನೈಟ್, ಬಸಾಲ್ಟ್, ಪಾರ್ಫಿರಿ ಎಂದು ನಾಲ್ಕು ಬಗೆಯ ಕಲ್ಲು ಬಳಸಿದ್ದಾರೆ. ಕಲ್ಲುಬಂಡೆಯ ನಡುವೆಯೇ ಬೆಳೆದ ನಮ್ಮ ಹುಡುಗರು ಬಣ್ಣ ನೋಡಿಯೇ ಬೇರ್ಪಡಿಸುತ್ತಾರೆ. ಬುಡದಲ್ಲಿ ನಕ್ಷತ್ರದ ಮೊನೆಗಳಿರುವ ಕಂಬ ಮೇಲೆ ಹೋದಂತೆ ಎಡಕ್ಕೂ ಬಲಕ್ಕೂ ತಿರುಚಿಕೊಂಡು, ಮೂಲೆ ಹೆಚ್ಚಿಸಿಕೊಳ್ಳುತ್ತಾ ಕೊನೆಗೆ ದುಂಡಾಗುತ್ತದೆ. ಹೊಯ್ಸಳರ ತಿರುಗಣೆ ಕಂಬದ ಸೆಕ್ಷನ್ ಬರೆದು ಅಭ್ಯಾಸವಿದ್ದವರಿಗೆ ಇಲ್ಲಿ ಮೂರು ಎತ್ತರದಲ್ಲಿ ಮೂರು ಸೆಕ್ಷನ್ ಬರೆಸಿದರೆ ಸಾಕು, ಭಾಷಣ ಬೇಡ.

ಗೋಪುರದ ಟಿಕೆಟ್ ಬೇರೆ. ಲಿಫ್ಟಿನಲ್ಲಿ ಹತ್ತುವುದು, ಕಿರಿದಾದ ಸುರುಳಿ ಮೆಟ್ಟಿಲಲ್ಲಿ ಇಳಿಯುವುದು. ಮಂಡಿ ನೋವಿನ ಮೇಷ್ಟ್ರು, ತಲೆ ಸುತ್ತುವವರು ಕೆಳಗೇ ಇರಲಿ. ಚೀಲ ಲಾಕರಿನಲ್ಲಿಡಬೇಕು. ಗಾಳಿ–ಮಳೆ ಜೋರಾದರೆ ಗೋಪುರ ಮುಚ್ಚುತ್ತಾರೆ. ಆ ಹಣ ಬುಕ್ ಮಾಡಿದವರ ಕಾರ್ಡಿಗೆ ವಾಪಸ್ಸಾಗುತ್ತದೆ, ಅಂದರೆ ಟ್ರಾವೆಲ್ಸ್‌ನವರ ಕಾರ್ಡಿಗೆ. ವಿದ್ಯಾರ್ಥಿಗಳಿಗೆ ಹಿಂದಿರುಗಿಸುತ್ತಾರೆಯೇ ಅಂತ ಬರವಣಿಗೆಯಲ್ಲಿ ಪಡೆದುಕೊಳ್ಳಿ. 1882ರಲ್ಲಿ ಶುರುವಾಗಿ, ಮರುವರ್ಷ ಗೌಡಿಯ ಕೈಗೆ ಬಂದು, 1926ರಲ್ಲಿ ಅವನು ಟ್ರಾಮ್ ಬಡಿದು ಸತ್ತಮೇಲೂ ನಡೆದ ಕೆಲಸ ಇದು. ಹಳೆಯ ಕಲ್ಲು, ಹೊಸ ಕಲ್ಲು ಪಕ್ಕಪಕ್ಕದಲ್ಲೇ ಕಾಣುತ್ತದೆ.

ಗೌಡಿಯದೇ ಉದ್ಯಾನ ಪಾರ್ಕ್ ಗ್ವೆಲ್‌ಗೆ 45 ನಿಮಿಷ ಕೊಟ್ಟಿದ್ದಾರೆ. ಹಲ್ಲಿಯಂಥ ಡ್ರ್ಯಾಗನ್ ಜತೆ ಫೋಟೊ ತೆಗೆಯಲು ಅಷ್ಟು ಸಾಕು. ಬಯಲುಸೀಮೆಯವರು ಇಲ್ಲಿ ನೋಡಬೇಕಾದ್ದು ನೀರಿನ ಲೆಕ್ಕ. ಮೇಲಿನ ದೊಡ್ಡ ಬಯಲಿಗೆ ಕಲ್ಲು ಹಾಸಿಲ್ಲ. ಮಳೆನೀರು ಅಲ್ಲಿ ಇಂಗಿ, ಸೋಸಿಕೊಂಡು, ಕೆಳಗಿನ 86 ಕಂಬಗಳ ಮಂಟಪದ ಕಂಬದೊಳಗಿನ ಕೊಳವೆಗಳಲ್ಲಿ ಇಳಿದು ನೆಲದಡಿಯ ತೊಟ್ಟಿ ಸೇರುವಂತೆ ಮಾಡಿದ್ದಾರೆ. ತೊಟ್ಟಿ ತುಂಬಿ ಹೆಚ್ಚಾದದ್ದು ಹೊರಬರುವ ಬಾಯಿಯೇ ಆ ಡ್ರ್ಯಾಗನ್. ಕೋಲಾರದ ಕೆರೆಯ ಕೋಡಿ, ನಂದಿಯ ಭೋಗನಂದೀಶ್ವರದ ಕಲ್ಯಾಣಿ ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಬೆಂಚಿನ ಮೇಲಿನ ಒಡೆದ ಟೈಲ್ಸಿನ ಕೆಲಸಕ್ಕೆ ಅಲ್ಲಿ ‘ಟ್ರೆಂಕಾದಿಸ್’ ಎನ್ನುತ್ತಾರೆ. ತಾರಸಿ ಬಿಸಿಯಾಗದಿರಲೆಂದು ನಮ್ಮಲ್ಲಿ ಬಿಳಿ ಟೈಲ್ಸ್ ಚೂರು ಹಾಸುತ್ತಾರಲ್ಲ, ಅದೇ ಕುಲ. ಬಾಗಿದ ಮೈಗೆ ಇಡೀ ಟೈಲ್ಸ್ ಕೂರುವುದಿಲ್ಲ, ಚೂರು ಕೂರುತ್ತದೆ. ಎರಡು ಗಂಟೆ ಬೇಕು. ಗುಡ್ಡದ ಮೇಲಿದೆ, ವಾಯ್ಕಾರ್ಕಾ ಸ್ಟೇಷನ್ ಕಡೆಯಿಂದ ಹೋದರೆ ರಸ್ತೆಯಲ್ಲೇ ಎಸ್ಕಲೇಟರ್ ಇದೆ.

ಬೀದಿಗಾಗಿ ಅರ್ಧ ದಿನ ಇಡಿ, ಫುಟ್‌ಬಾಲ್ ಸ್ಟೇಡಿಯಂ ಬಿಟ್ಟರೂ ಪರವಾಗಿಲ್ಲ (ಹುಡುಗರು ಒಪ್ಪುವುದಿಲ್ಲ, ಅದು ಬೇರೆ ಮಾತು). ಎಂಜಿನಿಯರ್ ಇಲ್ಡೆಫೊನ್ಸ್ ಸೆರ್ದಾ 1859ರಲ್ಲಿ ಹಾಕಿದ ಬಡಾವಣೆಯ ಬ್ಲಾಕಿನ ಬದಿ 113.3 ಮೀಟರ್, ಸಾಮಾನ್ಯ ರಸ್ತೆಯ ಅಗಲ 20 ಮೀಟರ್, ಪ್ರತಿ ಬ್ಲಾಕಿನ ಮೂಲೆಯನ್ನೂ ಕತ್ತರಿಸಿದೆ. ಟೇಪು ಹಿಡಿಸಿ ಅಳೆಸಿ. ನಮ್ಮ ಬಡಾವಣೆಗಳ ಕ್ರಾಸುಗಳಲ್ಲಿ ಮೂಲೆ ಮನೆಯ ಕಾಂಪೌಂಡ್ ಅಡ್ಡ ಬಂದು ಎದುರಿನ ಸ್ಕೂಟರ್ ಕಾಣದ ಸಮಸ್ಯೆಗೆ ಅಲ್ಲಿ ಕೊಟ್ಟ ಉತ್ತರ ಇದು.

ರಾಷ್ಟ್ರೀಯ ಕಲಾ ಮ್ಯೂಸಿಯಂ ಬಗ್ಗೆ ಪ್ಯಾಕೇಜಿನ ಗೈಡು ಹೇಳುವುದು ಮೆಟ್ಟಿಲ ಮೇಲಿನ ನೋಟವೊಂದೇ. ಒಳಗೆ ಪಿರನೀಸ್ ಪರ್ವತದ ಹಳ್ಳಿ ಚರ್ಚುಗಳಿಂದ ತಂದ ರೋಮನೆಸ್ಕ್ (ಮಧ್ಯಯುಗದ ಒಂದು ಶೈಲಿ) ಭಿತ್ತಿಚಿತ್ರಗಳಿವೆ. ತೌಯ್ ಊರಿನ ಸಂತ ಕ್ಲಿಮೆಂಟ್ ಚರ್ಚಿನ ಕ್ರಿಸ್ತನ ಚಿತ್ರ ಅವುಗಳಲ್ಲಿ ಹೆಸರಾದದ್ದು. ಚಿತ್ರದ ಮೇಲೆ ಬಟ್ಟೆಯನ್ನು ಪ್ರಾಣಿಜನ್ಯ ಅಂಟಿನಿಂದ ಅಂಟಿಸಿ, ಒಣಗಿದ ಮೇಲೆ ಎಳೆದರೆ ಬಣ್ಣದ ಪದರ ಬಟ್ಟೆಗೆ ಬರುತ್ತದೆ. ಅದನ್ನು ಸುರುಳಿ ಸುತ್ತಿ ತಂದು ಹೊಸ ಆಧಾರಕ್ಕೆ ಅಂಟಿಸಿ, ಮೇಲಿನ ಬಟ್ಟೆ ಬಿಡಿಸುತ್ತಾರೆ. ಪ್ರದರ್ಶನದಲ್ಲಿ ಗೋಡೆಯ ಹಿಂಭಾಗಕ್ಕೂ ಹೋಗಿ ಮರದ ಚೌಕಟ್ಟು ನೋಡಿ. ಶಿರಾ ರಸ್ತೆಯ ಸೀಬಿ ದೇವಸ್ಥಾನದ ಚಾವಣಿ ಚಿತ್ರಗಳನ್ನು ಹೊರಡುವ ಮುಂಚೆ ಒಮ್ಮೆ ತೋರಿಸಿ ಕರೆದೊಯ್ದರೆ, ಚಿತ್ರ ಇದ್ದಲ್ಲೇ ಇರಬೇಕೆ, ತಂದು ಉಳಿಸಬೇಕೆ ಎಂಬ ಜಗಳ ತಾನಾಗಿ ಶುರುವಾಗುತ್ತದೆ.

ಪಿಕಾಸೊ ಮ್ಯೂಸಿಯಂನಲ್ಲಿ ಕ್ಯೂಬಿಸಂ ಹುಡುಕಿಕೊಂಡು ಹೋದವರಿಗೆ ನಿರಾಸೆ. ಅದರ ಬಲ ಅವನ ಹುಡುಗತನದ ಕೆಲಸ ಮತ್ತು ವೆಲಾಸ್ಕೆಸ್‌ನ ಹಳೆಯ ಚಿತ್ರವೊಂದನ್ನು ತನ್ನ ರೀತಿಯಲ್ಲಿ ಮತ್ತೆಮತ್ತೆ ಬರೆದ 1957ರ ಲಾಸ್ ಮೆನಿನಾಸ್ ಸರಣಿ. ಅಲ್ಲಿಂದ ಎರಡು ಹೆಜ್ಜೆಗೆ ಸಾಂತಾ ಮಾರಿಯಾ ದೆಲ್ ಮಾರ್ ಚರ್ಚಿದೆ. 1329ರಲ್ಲಿ ಶುರುವಾದ ಇದಕ್ಕೆ ಗುಡ್ಡದಿಂದ ಕಲ್ಲು ಹೊತ್ತವರು ಬಂದರಿನ ಹಮಾಲರು. ಬಾಗಿಲ ಮೇಲೆ ಮೂಟೆ ಹೊತ್ತ ಅವರದೇ ಉಬ್ಬುಶಿಲ್ಪವಿದೆ. ಮಂಡಿಪೇಟೆಯ ಊರಿನವರು ಇದನ್ನು ತಪ್ಪಿಸಬಾರದು. ಪ್ಯಾಕೇಜಿನಲ್ಲಿ ಹೆಸರೇ ಇಲ್ಲ.

ಓಡಾಟಕ್ಕೆ ಕೋಚ್ ಬೇಡ, ಮೆಟ್ರೊ ಸಾಕು. ಟ್ರಾವೆಲ್ಸ್‌ನವರು 70 ಪ್ರಯಾಣದ ಗುಂಪು ಕಾರ್ಡ್ ಕೊಡುತ್ತಾರೆ. 32 ಜನ ಹೋಗಿಬಂದರೆ 64 ಮುಗಿಯಿತು, ಗುಂಪು ಎರಡಾದರೆ ಕಾರ್ಡು ಒಂದು ಕಡೆ, ಜನ ಇನ್ನೊಂದು ಕಡೆ. ತಲೆಗೊಂದು ಟಿ-ಕ್ಯಾಶುವಲ್ ಕಾರ್ಡ್ ಕೇಳಿ, ಹತ್ತು ಪ್ರಯಾಣ, ಒಬ್ಬರಿಗೆ ಮಾತ್ರ. ಏರ್‌ಪೋರ್ಟ್ ಮೆಟ್ರೊ ಸ್ಟೇಷನ್‌ಗೆ ಅದು ನಡೆಯುವುದಿಲ್ಲ. ಮೂರನೇ ಲೈನಿನಲ್ಲಿ, ರಾಂಬ್ಲಾ ಬೀದಿಯಲ್ಲಿ ಜೇಬುಗಳ್ಳರು ಹೆಚ್ಚು, ಚೀಲ ಎದೆಗೆ ಹಾಕಿಕೊಳ್ಳಿ.

ಸಸ್ಯಾಹಾರಿಗಳಿಗೆ ಎಚ್ಚರಿಕೆ: ‘ವೆಜಿಟಾಲ್’ ಅಂತ ಬರೆದ ಸ್ಯಾಂಡ್‌ವಿಚ್‌ನಲ್ಲಿ ಟ್ಯೂನಾ ಮೀನು ಇರುವುದು ಮಾಮೂಲು. ಮಾಂಸ ಬೇಡ ಅಂದರೆ ಹ್ಯಾಮ್ ಹಾಕಿಕೊಡುವವರೂ ಇದ್ದಾರೆ, ಮೀನು, ಹ್ಯಾಮ್ ಎರಡನ್ನೂ ಹೆಸರು ಹಿಡಿದು ಬೇಡ ಅನ್ನಿ. ಟೊಮೆಟೊ ಉಜ್ಜಿದ ಬ್ರೆಡ್ಡು, ಸುಟ್ಟ ಬದನೆ–ಕ್ಯಾಪ್ಸಿಕಂನ ಎಸ್ಕಲಿವಾದಾ ನಂಬಬಹುದು. ಆಲೂಗಡ್ಡೆ ಟೋರ್ಟಿಯಾದಲ್ಲಿ ಮೊಟ್ಟೆ ಇರುತ್ತದೆ. ರಾತ್ರಿ ಊಟ ಎಂಟೂವರೆಗೆ ಮುಂಚೆ ಹೆಚ್ಚಿನ ಕಡೆ ಸಿಗುವುದಿಲ್ಲ.

ವೀಸಾ ಕೆಲಸ ಚೆನ್ನಾಗಿ ಮಾಡುತ್ತಾರೆ ಅಂದೆವಲ್ಲ, ಅದರಲ್ಲಿ ನಮ್ಮ ಕಡೆಯಿಂದಲೇ ಆಗುವ ತೊಡಕೊಂದಿದೆ. ಮಾರ್ಕ್ಸ್ ಕಾರ್ಡಿನಲ್ಲಿ ಒಂದಕ್ಷರದ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ, ಇಲ್ಲವೇ ಸರ್‌ನೇಮ್ ಜಾಗ ಖಾಲಿ. ವಿಮಾನ ಟಿಕೆಟ್, ಇನ್ಶೂರೆನ್ಸ್, ಕಾಲೇಜಿನ ಪತ್ರ ಮೂರೂ ಪಾಸ್‌ಪೋರ್ಟಿನಂತೆಯೇ ಇರಲಿ. ಇನ್ಶೂರೆನ್ಸ್ ಕನಿಷ್ಠ 30,000 ಯೂರೊದ್ದಿರಬೇಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹಾಕಬಹುದು, 15 ದಿನಕ್ಕಿಂತ ತಡವಾಗಬಾರದು. ರಾತ್ರಿಗೆ ಇಷ್ಟೆಂದು ಹೋಟೆಲಿನಲ್ಲಿ ಕಟ್ಟುವ ಪ್ರವಾಸಿ ತೆರಿಗೆ ಪ್ಯಾಕೇಜಿನಲ್ಲಿ ಸೇರಿಲ್ಲ. ಅದಕ್ಕೆ ತಲೆಗಿಷ್ಟು ಯೂರೊ ಮೊದಲೇ ಎತ್ತಿ ಒಬ್ಬ ಮೇಷ್ಟ್ರ ಹತ್ತಿರ ಕೊಟ್ಟಿರಿ, ಇಲ್ಲದಿದ್ದರೆ ಚೆಕ್‌ಇನ್ ಹೊತ್ತಿಗೆ 32 ಜನ ರಿಸೆಪ್ಷನ್ ಮುಂದೆ ಚಿಲ್ಲರೆ ಎಣಿಸುತ್ತಾ ನಿಲ್ಲಬೇಕಾಗುತ್ತದೆ.