ರೆಪೊ ದರದ ಮನೆ ಸಾಲ: ನಾಲ್ಕು ವರ್ಷ ಕಂತು ಕಟ್ಟಿದವನ ಅಭಿಪ್ರಾಯ

ನನ್ನದು ತಿಪಟೂರಿನಲ್ಲಿ ದಿನಸಿ ಅಂಗಡಿ. ಮನೆ ಕಟ್ಟಲು 2021ರ ಫೆಬ್ರವರಿಯಲ್ಲಿ 25 ಲಕ್ಷ ಸಾಲ ತೆಗೆದೆ, 20 ವರ್ಷಕ್ಕೆ. ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ, ಅದರ ಮೇಲೆ ಶೇ 2.90 ಸೇರಿಸಿ ಅಂತ ಒಪ್ಪಂದ. ಆಗ ರೆಪೊ ಶೇ 4, ಹಾಗಾಗಿ ಬಡ್ಡಿ ಶೇ 6.90, ಕಂತು ₹19,233.

ಮರುವರ್ಷ ಯುಕ್ರೇನ್ ಯುದ್ಧ ಶುರುವಾಯಿತು. ಸೂರ್ಯಕಾಂತಿ ಎಣ್ಣೆ ನಮಗೆ ಬರುತ್ತಿದ್ದುದೇ ಹೆಚ್ಚಾಗಿ ಆ ಕಡೆಯಿಂದ. ಲೀಟರ್ ಪ್ಯಾಕೆಟ್ ಇನ್ನೂರರ ಹತ್ತಿರ ಹೋಯಿತು, ಗಿರಾಕಿಗಳು ಅರ್ಧ ಲೀಟರಿಗೆ ಇಳಿದರು. ಕಚ್ಚಾ ತೈಲವೂ ಏರಿತು, ಡಾಲರ್ ಎದುರು ರೂಪಾಯಿ ಸೋತಿತು. ಏಪ್ರಿಲ್‌ನಲ್ಲಿ ಹಣದುಬ್ಬರ ಶೇ 7.79. ರಿಸರ್ವ್ ಬ್ಯಾಂಕಿಗೆ ಗುರಿ ಇದ್ದದ್ದು 4, ಹೆಚ್ಚೆಂದರೆ 6ರವರೆಗೆ ಹೋಗಬಹುದಿತ್ತು. ಬೆಲೆ ತಗ್ಗಿಸಲು ಮೇ 4ರಂದು ರಿಸರ್ವ್ ಬ್ಯಾಂಕ್ ನಿಗದಿತ ಸಭೆಗೂ ಕಾಯದೆ ರೆಪೊವನ್ನು 4.40ಕ್ಕೆ ಏರಿಸಿತು, 2023ರ ಫೆಬ್ರವರಿಗೆ ಅದು 6.50. ನಾನು ಅಂಗಡಿಯಲ್ಲಿ ಎಣ್ಣೆಗೆ ಬರೆದ ಹೊಸ ರೇಟು ಸುತ್ತಿ ಬಂದು ನನ್ನ ಸಾಲದ ಮೇಲೇ ಕೂತಿತು.

ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಬ್ಯಾಂಕ್ ಶಾಖೆಯ ಮೇಲೆ. 2022ರ ಅಕ್ಟೋಬರ್ ಸ್ಟೇಟ್‌ಮೆಂಟ್ ತೆಗೆಸಿ ನೋಡಿದರೆ, 19,233ರಲ್ಲಿ ಬಡ್ಡಿಗೆ ಹೋದದ್ದು 17,661. ಅಸಲಿಗೆ 1,572! ಕಂತು ಏರಿಸದೆ ಅವಧಿಯನ್ನು ಸುಮ್ಮನೆ ಎಳೆದಿದ್ದರು. ಹದಿನೆಂಟು ವರ್ಷ ಬಾಕಿ ಇದ್ದದ್ದು ಇಪ್ಪತ್ತೆಂಟೂವರೆ ಆಗಿತ್ತು. ಸಾಲ ತೀರುವಾಗ ನನಗೆ ಎಪ್ಪತ್ತೊಂದು. "ಕಂತು ಏರಿಲ್ಲವಲ್ಲ ಸರ್, ತೊಂದರೆ ಏನು?" ಅಂದರು ಅಲ್ಲಿದ್ದವರು. ಒಂದು ಎಸ್‌ಎಂಎಸ್ ಕೂಡ ಬಂದಿರಲಿಲ್ಲ. ಅರ್ಜಿ ಕೊಟ್ಟು ಕಂತನ್ನು 22 ಸಾವಿರಕ್ಕೆ ಏರಿಸಿಕೊಂಡೆ, ಏಪ್ರಿಲ್‌ನಲ್ಲಿ ಮತ್ತೆ 23 ಸಾವಿರಕ್ಕೆ. ಆ ವರ್ಷ ಕಷ್ಟವೇ ಆಯಿತು. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕೇ ಸುತ್ತೋಲೆ ಹೊರಡಿಸಿತು: ಕಂತು ಏರಬೇಕೋ ಅವಧಿ ಏರಬೇಕೋ ಅಂತ ಸಾಲಗಾರನನ್ನೇ ಕೇಳಬೇಕು. ನೀವು ಸಾಲ ತೆಗೆಯುವ ದಿನವೇ ಇದನ್ನು ಬರಹದಲ್ಲಿ ಇಸಿದುಕೊಳ್ಳಿ.

ಹಾಗಿದ್ದೂ ಈ ಸಾಲವೇ ವಾಸಿ ಅಂತ ಯಾಕೆ ಹೇಳುತ್ತೇನೆ ಅಂದರೆ, ನಮ್ಮಣ್ಣನ ಹಳೇ ಸಾಲ ನೋಡಿದ್ದೇನೆ. ರೆಪೊ ಇಳಿದರೂ ಅವನ ಬಡ್ಡಿ ಅಲ್ಲಾಡುತ್ತಿರಲಿಲ್ಲ, ಯಾಕೆ ಅಂತ ಕೇಳಿದರೆ ಉತ್ತರವೂ ಇರಲಿಲ್ಲ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಫ್ಲೋಟಿಂಗ್ (ಬಡ್ಡಿ ಏರಿಳಿಯುವ) ಮನೆ ಸಾಲಗಳನ್ನು ರಿಸರ್ವ್ ಬ್ಯಾಂಕ್ ರೆಪೊದಂಥ ಹೊರಗಿನ ದರಕ್ಕೆ ಕಟ್ಟಿ ಹಾಕಿದೆ, ಆ ದರಕ್ಕೆ ತಕ್ಕಂತೆ ಬಡ್ಡಿಯನ್ನು ಮೂರು ತಿಂಗಳಿಗೊಮ್ಮೆಯಾದರೂ ಸರಿಹೊಂದಿಸಲೇಬೇಕು. 2025ರಲ್ಲಿ ಬೆಲೆಗಳು ತಣ್ಣಗಾಗಿ ಜೂನ್ ಹೊತ್ತಿಗೆ ರೆಪೊ 5.50ಕ್ಕೆ ಬಂತು, ನನ್ನ ಬಡ್ಡಿಯೂ ಯಾರನ್ನೂ ಕೇಳದೆ 8.40 ಆಯಿತು. ಕಂತು ಇಳಿಸಿಕೊಳ್ಳಲಿಲ್ಲ, ಅವಧಿಯೇ ಕರಗಲಿ ಅಂತ ಬಿಟ್ಟಿದ್ದೇನೆ.

ಒಂದು ಮಾತು. 2023ರ ಜುಲೈನಲ್ಲಿ ಟೊಮೆಟೊ ಬೆಲೆ ಸಿಡಿದು ಹಣದುಬ್ಬರ 7.44 ಆದಾಗ ಮತ್ತೆ ಬಡ್ಡಿ ಏರುತ್ತದೆ ಅಂತ ನಿದ್ದೆ ಬಿಟ್ಟಿದ್ದೆ. ಏರಲಿಲ್ಲ. ಬೆಳೆ ಬಂದರೆ ಟೊಮೆಟೊ ಬೆಲೆ ತಾನೇ ಇಳಿಯುತ್ತದೆ ಅಂತ ರಿಸರ್ವ್ ಬ್ಯಾಂಕಿನವರು ಕಾದರು, ಇಳಿಯಿತು. ಆ ಸಹನೆ ನನಗೆ ಹಿಡಿಸಿತು.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಡಿತವಾದ ಒಂದು ಆ ಅಕ್ಟೋಬರ್ ಸ್ಟೇಟ್‌ಮೆಂಟಿಗೆ.